ಎಂಟು ಹಾಕಿಸಿ ಕಳಿಸೋ ಮೇಷ್ಟ್ರು

ನಮ್ಮ ಡಲ್ಲಾಸ್ ಕಡೆಯ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ವರ್ಷಕ್ಕೆ ನಾಲ್ಕೈದು ಸಲ ಒಂದೇ ಪ್ರಶ್ನೆ ಬರುತ್ತೆ. "ಗನ್ ಲೈಸೆನ್ಸ್ ಕ್ಲಾಸ್ ಎಲ್ಲಿ ಬೇಗ ಮುಗಿಯುತ್ತೆ? ಯಾರಾದ್ರೂ ಮಾಡಿದ್ರೆ ಹೇಳಿ ಪ್ಲೀಸ್." ಹತ್ತು ನಿಮಿಷದಲ್ಲಿ ಮೂರು ಉತ್ತರ. ಒಬ್ಬರು ಕೂಪನ್ ಕೋಡ್ ಹಾಕ್ತಾರೆ. ಇನ್ನೊಬ್ಬರು "ಪಾಠ ಆನ್‌ಲೈನಲ್ಲೇ ಮುಗಿಸಿ, ಶೂಟಿಂಗ್ ಟೆಸ್ಟಿಗೆ ಮಾತ್ರ ಹೋದ್ರೆ ಸಾಕು" ಅಂತಾರೆ. ಮೂರನೆಯವರದ್ದು ಬ್ರಹ್ಮಾಸ್ತ್ರ: "ನಾನು ಹೋದಲ್ಲಿಗೆ ಹೋಗಿ ಸಾರ್, ಎಲ್ಲರನ್ನೂ ಪಾಸ್ ಮಾಡ್ತಾರೆ." ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು.

ಇದೇ ಗ್ರೂಪಿನಲ್ಲಿ ಮಗಳಿಗೊಬ್ಬರು ಸಂಗೀತದ ಟೀಚರ್ ಬೇಕು ಅಂತ ಕೇಳಿ ನೋಡಿ. ಯಾರ ಶಿಷ್ಯೆ, ಸರಳೆ ಜಂಟಿ ವರಸೆ ಗಟ್ಟಿ ಮಾಡಿಸ್ತಾರಾ ಇಲ್ಲಾ ನೇರ ಕೀರ್ತನೆಗೆ ಹಾರಿಸ್ತಾರಾ, ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ತಪ್ಪು ಹಾಡಿದ್ರೆ ನಿಲ್ಲಿಸಿ ತಿದ್ದುತ್ತಾರಾ ಅಂತ ಎರಡು ದಿನ ಚರ್ಚೆ ನಡೆಯುತ್ತೆ. ಅಪಸ್ವರದಿಂದ ಈವರೆಗೆ ಯಾರೂ ಸತ್ತಿಲ್ಲ. ಆದರೂ ಇಷ್ಟೆಲ್ಲ ವಿಚಾರಿಸ್ತೀವಿ. ಗುಂಡು ತುಂಬಿದ ಪಿಸ್ತೂಲನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ದಿನಸಿ ಅಂಗಡಿಗೆ ಹೋಗೋ ವಿದ್ಯೆಗೆ ಮಾತ್ರ ಕೂಪನ್ ಕೋಡ್ ಸಾಕು!

ಗನ್ ಇಟ್ಟುಕೊಳ್ಳಬೇಕೋ ಬೇಡವೋ ಅನ್ನೋದು ಈ ಬರಹದ ಜಗಳ ಅಲ್ಲ. ಆ ಜಗಳಕ್ಕೆ ಬೇರೆ ದಿನ ಸಿಗೋಣ. ಇಟ್ಟುಕೊಳ್ಳೋದು ಅಂತ ತೀರ್ಮಾನ ಮಾಡಿದವರಿಗೆ ನನ್ನದೊಂದೇ ಮಾತು. ಎಲ್ಲರನ್ನೂ ಪಾಸ್ ಮಾಡೋ ಮೇಷ್ಟ್ರ ಹತ್ತಿರ ಹೋಗಬೇಡಿ. "ನೀವಿನ್ನೂ ತಯಾರಿಲ್ಲ, ಇವತ್ತು ಮನೆಗೆ ಹೋಗಿ" ಅಂತ ಹೇಳೋ ಧೈರ್ಯ ಇರೋರನ್ನ ಹುಡುಕಿ.

ನನಗೆ ಈ ಬುದ್ಧಿ ಮೊದಲೇ ಇತ್ತು ಅಂದ್ಕೋಬೇಡಿ. 2017ರ ಫೆಬ್ರವರಿ 22ರಂದು ಕನ್ಸಾಸ್‌ನ ಒಲೇಥಾದಲ್ಲಿ ಶ್ರೀನಿವಾಸ ಕುಚಿಭೋಟ್ಲ ಅನ್ನೋ ಇಂಜಿನಿಯರ್ ಸ್ನೇಹಿತನ ಜೊತೆ ಬಾರ್‌ನಲ್ಲಿ ಕೂತಿದ್ದಾಗ, "ನಮ್ಮ ದೇಶ ಬಿಟ್ಟು ತೊಲಗಿ" ಅಂತ ಕೂಗಿದವನೊಬ್ಬ ಗುಂಡು ಹೊಡೆದು ಕೊಂದ. ಆ ವಾರ ನಮ್ಮೆಲ್ಲರ ಮನೆಯಲ್ಲೂ ಊಟದ ಹೊತ್ತಿಗೆ ಅದೇ ಮಾತು. ಊರಿಂದ ಅಮ್ಮ ಫೋನ್ ಮಾಡಿ "ವಾಪಸ್ ಬಂದ್ಬಿಡೋ" ಅಂದ್ರು. ಆ ಭಯ ಸುಳ್ಳಲ್ಲ, ಅದನ್ನ ಹಾಸ್ಯ ಮಾಡೋರ ಜೊತೆ ನನಗೆ ಮಾತಿಲ್ಲ. ಆದರೆ ಭಯದಲ್ಲಿದ್ದವನಿಗೆ ಯಾರು ಏನು ಮಾರಿದ್ರೂ ಮಾರಾಟ ಆಗುತ್ತೆ. ಗ್ರೀನ್ ಕಾರ್ಡ್ ಕೈಗೆ ಬಂದ ಕೆಲವೇ ತಿಂಗಳಿಗೆ ನಾನೂ ಒಂದು ಶನಿವಾರ ಬೆಳಿಗ್ಗೆ ಅತಿ ಅಗ್ಗದ ಕ್ಲಾಸಿಗೆ ಹೋಗಿ ಕೂತೆ.

ಮೂವತ್ತು ಕುರ್ಚಿ, ಒಬ್ಬ ಮೇಷ್ಟ್ರು. ಮೊದಲ ಮುಕ್ಕಾಲು ಗಂಟೆ ಅವರ ಶೌರ್ಯದ ಕತೆ. ಆಮೇಲೆ ಕಾನೂನಿನ ಸ್ಲೈಡುಗಳು, "ಇದು ಪರೀಕ್ಷೆಗೆ ಬರುತ್ತೆ, ಇದು ಬರಲ್ಲ" ಅನ್ನೋ ಟಿಪ್ಪಣಿ ಸಮೇತ. ನಮ್ಮ ಟ್ಯೂಷನ್ ಮೇಷ್ಟ್ರುಗಳ ನೆನಪಾಯ್ತು. ಮಧ್ಯಾಹ್ನ ರೇಂಜಿನಲ್ಲಿ ಐವತ್ತು ಗುಂಡು ಹಾರಿಸಿದ್ದಾಯ್ತು. ನನ್ನ ಪಕ್ಕದವರೊಬ್ಬರು ಗನ್ ಜಾಮ್ ಆಯ್ತು ಅಂತ ಅದನ್ನ ಹಿಡಿದುಕೊಂಡೇ ನನ್ನ ಕಡೆ ತಿರುಗಿದ್ರು. ಆ ನಳಿಕೆಯ ತೂತು ನಾನು ಕಣ್ಣಾರೆ ನೋಡಿದೆ. ಮೇಷ್ಟ್ರು ದೂರದಿಂದ "ಕೇರ್‌ಫುಲ್" ಅಂದು ನಕ್ಕರು. ಅವತ್ತು ಎಲ್ಲರೂ ಪಾಸ್, ಆ ಮಹಾನುಭಾವರೂ ಪಾಸ್. ಈಗ ಅವರು ಯಾವ ಅಂಗಡಿಯ ಕ್ಯೂನಲ್ಲಿ ನನ್ನ ಹಿಂದೆ ನಿಂತಿರ್ತಾರೋ ಗೊತ್ತಿಲ್ಲ.

ಬೆಂಗಳೂರಲ್ಲಿ ಡ್ರೈವಿಂಗ್ ಸ್ಕೂಲ್ ಸೇರಿ ಲೈಸೆನ್ಸ್ ತಗೊಂಡವರಿಗೆ ಇದು ಹೊಸದಲ್ಲ. ಆರ್‌ಟಿಓ ಮುಂದೆ ಎಂಟು ಹಾಕೋದು ಕಲಿಸಿಬಿಡ್ತಾರೆ. ಸಿಲ್ಕ್ ಬೋರ್ಡಿನಲ್ಲಿ ಗಾಡಿ ಓಡಿಸೋದನ್ನ ಯಾರೂ ಕಲಿಸಲ್ಲ. ಟೆಕ್ಸಸ್‌ನ ಶೂಟಿಂಗ್ ಟೆಸ್ಟು ಕೂಡ ಅಂಥ ಒಂದು ಎಂಟು. ಮೂರು ಗಜದಿಂದ 20 ಗುಂಡು, ಏಳು ಗಜದಿಂದ 20, ಹದಿನೈದು ಗಜದಿಂದ 10. ಒಟ್ಟು 250 ಅಂಕಕ್ಕೆ 175 ಬಂದ್ರೆ ಸಾಕು. ಎದುರಿಗಿರೋದು ಆಳೆತ್ತರದ ಕಾಗದ. ಅದು ಅಲುಗಾಡಲ್ಲ, ಅದರ ಹಿಂದೆ ಮಕ್ಕಳು ಆಟ ಆಡ್ತಾ ಇರಲ್ಲ. ಅಂಗಿಯೊಳಗಿನ ಹೋಲ್‌ಸ್ಟರ್‌ನಿಂದ ಗನ್ ಹೊರಗೆ ತೆಗೆಯೋದು, ಸುರಕ್ಷಿತವಾಗಿ ವಾಪಸ್ ಇಡೋದು ಪರೀಕ್ಷೆಯಲ್ಲೇ ಇಲ್ಲ! ಮರೆಮಾಡಿ ಒಯ್ಯೋರು ದಿನಾ ಮಾಡಬೇಕಾದ ಕೆಲಸ ಅದು, ಎಷ್ಟೋ ಜನ ತಮ್ಮ ತೊಡೆಗೆ ತಾವೇ ಗುಂಡು ಹೊಡ್ಕೊಳ್ಳೋದೂ ಅದೇ ಗಳಿಗೆಯಲ್ಲಿ.

ತಮಾಷೆ ಅಂದ್ರೆ ಟೆಕ್ಸಸ್ ಕಾನೂನು ನಮ್ಮ ಮೇಷ್ಟ್ರಿಗಿಂತ ಬುದ್ಧಿವಂತ. ಕ್ಲಾಸು ನಾಲ್ಕರಿಂದ ಆರು ಗಂಟೆ, ಅದರಲ್ಲಿ ನಾಲ್ಕು ವಿಷಯ ಇರಲೇಬೇಕು ಅನ್ನುತ್ತೆ: ಆಯುಧ ಮತ್ತು ಪ್ರಾಣಾಂತಿಕ ಬಲಪ್ರಯೋಗದ ಕಾನೂನು, ಕೈಬಂದೂಕಿನ ಬಳಕೆ ಮತ್ತು ಸುರಕ್ಷತೆ, ಹಿಂಸೆಯಿಲ್ಲದೆ ಜಗಳ ಬಗೆಹರಿಸೋದು, ಮಕ್ಕಳ ಕೈಗೆ ಸಿಗದ ಹಾಗೆ ಗನ್ ಇಡೋದು. ಜಗಳ ಬಗೆಹರಿಸೋ ಪಾಠ ಸರ್ಕಾರಿ ಪಠ್ಯದಲ್ಲೇ ಇದೆ ಸ್ವಾಮಿ! ನಮ್ಮ ಕ್ಲಾಸಿನಲ್ಲಿ ಅದು ಒಂದು ಸ್ಲೈಡು, ಒಂದು ಜೋಕು, ಮುಂದಕ್ಕೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ ಅಂತ ನಮ್ಮಜ್ಜಿ ಕೇಳ್ತಿದ್ರು. ಇಡೀ ಕೋರ್ಸಿನ ಸಾರ ಆ ಒಂದು ಗಾದೆಯಲ್ಲಿದೆ. ರಸ್ತೆಯಲ್ಲಿ ಯಾರೋ ಅಡ್ಡ ಬಂದಾಗ ಹಾರ್ನ್ ಒತ್ತಬೇಕೋ ಬೇಡವೋ ಅನ್ನೋದನ್ನೂ ಗನ್ ಇಟ್ಟುಕೊಂಡವನು ಹೊಸದಾಗಿ ಕಲೀಬೇಕು. ಅವನು ಶುರುಮಾಡಿದ ಸಣ್ಣ ಜಗಳ ಸಣ್ಣದಾಗಿಯೇ ಉಳಿಯುತ್ತೆ ಅನ್ನೋ ಭರವಸೆ ಇನ್ನು ಇಲ್ಲ.

"ಈಗ ಲೈಸೆನ್ಸೇ ಬೇಡವಲ್ಲ, ಕ್ಲಾಸ್ ಯಾಕೆ?" ಅಂತ ಕೇಳೋರಿದ್ದಾರೆ. ನಿಜ, 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ದಾಟಿದ, ಕಾನೂನಿನ ಪ್ರಕಾರ ಗನ್ ಇಟ್ಟುಕೊಳ್ಳಬಹುದಾದವರು ಲೈಸೆನ್ಸ್ ಇಲ್ಲದೆಯೂ ಒಯ್ಯಬಹುದು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಇದೇ ದಾರಿ ಹಿಡಿದಿವೆ. ಯೂಟಾದವರು ಲೈಸೆನ್ಸ್ ಕೊಡೋಕೆ ಒಂದು ಗುಂಡು ಹಾರಿಸಿ ತೋರಿಸು ಅಂತಲೂ ಕೇಳಲ್ಲ. ಇಲಿನಾಯ್‌ನಲ್ಲಿ 16 ಗಂಟೆ ತರಬೇತಿ ಬೇಕು. ನ್ಯೂಯಾರ್ಕ್‌ನಲ್ಲಿ 2022ರಿಂದ 16 ಗಂಟೆ ಪಾಠ, ಮೇಲೆ ಎರಡು ಗಂಟೆ ಶೂಟಿಂಗ್. ಅದೇ ಪಿಸ್ತೂಲು, ಅದೇ ಮನುಷ್ಯ. ರಾಜ್ಯದ ಗಡಿ ದಾಟಿದ ಕೂಡಲೇ ಗುಂಡಿನ ಗುಣ ಬದಲಾಗುತ್ತಾ? ರಾಜ್ಯ ಕೇಳೋದು ಕನಿಷ್ಠ ಅಂಕ. ಹತ್ತನೇ ಕ್ಲಾಸಿನಲ್ಲಿ ಮೂವತ್ತೈದು ಬಂದ್ರೆ ಊಟ ಬಿಡ್ತಿದ್ದ ನಾವು ಇಲ್ಲಿ ಮಾತ್ರ ಮೂವತ್ತೈದಕ್ಕೇ ಹಬ್ಬ ಮಾಡ್ತೀವಲ್ಲ.

ಈಗ ನನ್ನ ನಿದ್ದೆ ಕೆಡಿಸಿದ ಒಂದು ಘಟನೆ. 1992ರ ಅಕ್ಟೋಬರ್‌ನಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಯೋಶಿಹಿರೊ ಹತ್ತೋರಿ ಅನ್ನೋ ಹದಿನಾರು ವರ್ಷದ ಜಪಾನಿ ಹುಡುಗ ಹ್ಯಾಲೋವೀನ್ ಪಾರ್ಟಿಗೆ ಹೊರಟು, ವಿಳಾಸ ತಪ್ಪಿ, ಬೇರೆ ಮನೆಯ ಬೆಲ್ ಒತ್ತಿದ. ಮನೆಯೊಡೆಯ ಗನ್ ಹಿಡಿದು ಬಂದು "ಫ್ರೀಝ್" ಅಂದ. ಹುಡುಗ ನಿಲ್ಲದೆ ಮುಂದೆ ಬಂದ. ಒಂದು ಗುಂಡು, ಅಷ್ಟೇ. ಕ್ರಿಮಿನಲ್ ಕೋರ್ಟು ಮನೆಯೊಡೆಯನನ್ನ ಖುಲಾಸೆ ಮಾಡ್ತು. ಸಿವಿಲ್ ಕೋರ್ಟು ಹುಡುಗನ ತಂದೆ ತಾಯಿಗೆ ಆರೂವರೆ ಲಕ್ಷ ಡಾಲರಿಗೂ ಹೆಚ್ಚು ಕೊಡು ಅಂತು. "ಕೇಸಿನಿಂದ ಪಾರಾಗ್ತೀರ" ಅಂತ ಧೈರ್ಯ ಕೊಡೋ ಮೇಷ್ಟ್ರು ಈ ಎರಡನೇ ಕೋರ್ಟಿನ ಸುದ್ದಿ ಹೇಳಲ್ಲ. ಇನ್ನು ಒಂದು ಮಗುವನ್ನ ಕೊಂದ ಕೈಯನ್ನ ಯಾವ ಕೋರ್ಟೂ ಖುಲಾಸೆ ಮಾಡೋಕಾಗಲ್ಲ.

ನವರಾತ್ರಿಯಲ್ಲಿ ಗೊಂಬೆ ನೋಡೋಕೆ ನಾವು ಹೇಗೆ ಹೋಗ್ತೀವಿ ನೆನಪಿಸಿಕೊಳ್ಳಿ. ಹೊಸ ಬಡಾವಣೆ, ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ತೆಗೆದ ಇಡ್ಲಿ ಥರ. ಕತ್ತಲೆ, ಕೈಯಲ್ಲಿ ಉಡುಗೊರೆ ಚೀಲ, ರೇಷ್ಮೆ ಸೀರೆ ಉಟ್ಟ ಹೆಂಡತಿ, ಮುಂದೆ ಓಡೋ ಮಗ. ತಪ್ಪು ಮನೆಯ ಬೆಲ್ ಒತ್ತಿ "ಸಾರಿ ಸಾರಿ" ಅಂದಿಲ್ಲದ ಕನ್ನಡಿಗ ಈ ಊರಲ್ಲಿ ಇದ್ದಾನಾ? ಬಾಗಿಲ ಈಚೆಗೂ ನಾವೇ, ಆಚೆಗೂ ನಾವೇ. ಹಾಗಾಗಿ ಬಾಗಿಲ ಹಿಂದೆ ಗನ್ ಹಿಡಿದು ನಿಲ್ಲೋನಿಗೆ ಮೊದಲು ಕಲಿಸಬೇಕಾದ್ದು ಗುರಿ ಇಡೋದನ್ನಲ್ಲ. ಬಾಗಿಲು ತೆರೀಬೇಡ, ಲೈಟ್ ಹಾಕು, ಯಾರು ಅಂತ ಕೇಳು, 911ಕ್ಕೆ ಫೋನ್ ಮಾಡು, ಎದುರಿಗಿರೋದು ಏನು ಅಂತ ಖಚಿತವಾಗೋವರೆಗೆ ಬೆರಳು ಟ್ರಿಗರ್‌ನಿಂದ ದೂರ ಇಡು. ಜೆಫ್ ಕೂಪರ್ ಜನಪ್ರಿಯಗೊಳಿಸಿದ ನಾಲ್ಕು ಸುರಕ್ಷತಾ ನಿಯಮಗಳನ್ನ ಇಲ್ಲಿ ಎಲ್ಲ ರೇಂಜುಗಳ ಗೋಡೆಗೂ ಅಂಟಿಸಿರ್ತಾರೆ. ಗುರಿಯನ್ನೂ ಅದರ ಹಿಂದಿರೋದನ್ನೂ ತಿಳಿದುಕೋ ಅನ್ನೋದು ಅದರಲ್ಲಿ ನಾಲ್ಕನೆಯದು. ಗೋಡೆಯ ಮೇಲಿದ್ದರೆ ಸಾಲದು, ಕೈಗೆ ಇಳೀಬೇಕು.

ನಮ್ಮ ಮೈಬಣ್ಣದ ವಿಷಯವನ್ನೂ ಮೇಷ್ಟ್ರು ಮುಜುಗರವಿಲ್ಲದೆ ಮಾತಾಡಬೇಕು. 2016ರ ಜುಲೈನಲ್ಲಿ ಮಿನೆಸೋಟಾದಲ್ಲಿ ಫಿಲಾಂಡೋ ಕಾಸ್ಟೀಲ್ ಅನ್ನೋ ಕಪ್ಪು ಯುವಕನ ಕಾರನ್ನ ಪೊಲೀಸರು ನಿಲ್ಲಿಸಿದ್ರು. ಆತನ ಹತ್ತಿರ ಪರ್ಮಿಟ್ ಇತ್ತು. "ನನ್ನ ಹತ್ತಿರ ಗನ್ ಇದೆ" ಅಂತ ತಾನೇ ಹೇಳಿದ. ಕೆಲವೇ ಸೆಕೆಂಡುಗಳಲ್ಲಿ ಏಳು ಗುಂಡು. ಹಿಂದಿನ ಸೀಟಿನಲ್ಲಿ ಗೆಳತಿಯ ನಾಲ್ಕು ವರ್ಷದ ಮಗು. ಗುಂಡು ಹೊಡೆದ ಅಧಿಕಾರಿ ಮರುವರ್ಷ ಖುಲಾಸೆ. ಪರ್ಮಿಟ್ ಕಾರ್ಡು ಕವಚ ಅಲ್ಲ. ಪೊಲೀಸ್ ನಿಲ್ಲಿಸಿದಾಗ ಕೈ ಎಲ್ಲಿರಬೇಕು, ಗನ್ ಮತ್ತು ಡ್ರೈವಿಂಗ್ ಲೈಸೆನ್ಸ್ ಒಂದೇ ಕಡೆ ಯಾಕೆ ಇಡಬಾರದು, ಯಾವ ಮಾತು ಮೊದಲು ಯಾವುದು ಆಮೇಲೆ ಅನ್ನೋದನ್ನ ಕಾರಿನಲ್ಲಿ ಕೂರಿಸಿ ಅಭ್ಯಾಸ ಮಾಡಿಸೋರು ಬೇಕು. "ಪೊಲೀಸರು ನಮ್ಮವರೇ, ಏನೂ ಆಗಲ್ಲ" ಅನ್ನೋ ಮೇಷ್ಟ್ರಿಗೆ ಅವರ ಮಟ್ಟಿಗೆ ಅದು ನಿಜ ಇರಬಹುದು. ನಿಮ್ಮ ಮುಖ ಅವರ ಮುಖ ಅಲ್ಲ.

ಇನ್ನು ವೀಸಾ. ಆ ಅಗ್ಗದ ಕ್ಲಾಸಿನಲ್ಲಿ ಎಚ್-1ಬಿ ಮೇಲಿದ್ದ ನಮ್ಮ ಹುಡುಗನೊಬ್ಬ "ಸುಮ್ನೆ ನೋಡೋಣ ಅಂತ" ಬಂದಿದ್ದ. ಯಾರೂ ಏನೂ ಕೇಳದೆ ಅವನ ಕೈಗೆ ಬಾಡಿಗೆ ಗನ್ ಕೊಟ್ರು. ಫೋಟೋ ತೆಗೆದು ಇನ್‌ಸ್ಟಾಗ್ರಾಮ್‌ಗೂ ಹಾಕಿದ. ಮಾರಾಯ್ರೆ, ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿ, ಎಫ್-1 ಥರದ ವಲಸೆಯೇತರ ವೀಸಾದಲ್ಲಿ ಬಂದವರು ಗನ್ನನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳೋದೇ ಅಪರಾಧ. ಬೇಟೆಯ ಲೈಸೆನ್ಸ್ ಇರೋರಿಗೆ ಮತ್ತು ಇನ್ನು ಕೆಲವರಿಗಷ್ಟೇ ವಿನಾಯಿತಿ. ಶಿಕ್ಷೆ ಹದಿನೈದು ವರ್ಷದವರೆಗೆ ಹೋಗಬಹುದು. ಗ್ರೀನ್ ಕಾರ್ಡ್ ಬಂದವರೂ ಕಾಲು ಚಾಚಿ ಕೂರೋ ಹಾಗಿಲ್ಲ. ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ದೋಷಿ ಅಂತ ತೀರ್ಪು ಬಂದ್ರೆ ಅದು ಗಡಿಪಾರಿಗೆ ಕಾರಣ ಆಗುತ್ತೆ. ಪಕ್ಕದಲ್ಲಿ ಕೂತ ಅಮೆರಿಕನ್ ಪ್ರಜೆಗೆ ದಂಡದಲ್ಲಿ ಮುಗಿಯೋ ತಪ್ಪು ನಿಮಗೆ ಮನೆ, ಕೆಲಸ, ಮಗಳ ಶಾಲೆ ಎಲ್ಲದರ ಕೊನೆ. ಸೇರಿಸಿಕೊಳ್ಳೋ ಮೊದಲು ನಿಮ್ಮ ವೀಸಾ ಕೇಳದ ಮೇಷ್ಟ್ರು ನಿಮ್ಮ ಕಾರ್ಡ್ ನಂಬರ್ ಮಾತ್ರ ಮರೀದೆ ಕೇಳ್ತಾರೆ, ಗಮನಿಸಿ.

"ಮರೆತುಹೋಯ್ತು" ಅನ್ನೋದು ಇಲ್ಲಿ ನಡೆಯಲ್ಲ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಗನ್ ಸಿಕ್ಕಿದವು, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗುಂಡು ತುಂಬಿದವು. ಸಿಕ್ಕಿಬಿದ್ದವರಲ್ಲಿ ಬಹಳ ಜನ ಹೇಳೋ ಸಬೂಬು "ಬ್ಯಾಗಲ್ಲಿತ್ತು, ಮರೆತೆ" ಅನ್ನೋದೇ. ತನ್ನ ಗನ್ ಎಲ್ಲಿದೆ ಅನ್ನೋದನ್ನೇ ಮರೆಯೋನಿಗೆ ಗುರಿ ಹೊಡೆಯೋದು ಕಲಿಸಿ ಏನು ಪ್ರಯೋಜನ?

ಹಾಗಾದ್ರೆ ಮೇಷ್ಟ್ರನ್ನ ಹೇಗೆ ಆರಿಸೋದು? ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ ಕೇಳಿ. ರೇಂಜಿನಲ್ಲಿ ಒಬ್ಬ ಶಿಕ್ಷಕರಿಗೆ ಎಷ್ಟು ಜನ? ಹೊಸಬರಾದ್ರೆ ನಾಲ್ಕೈದಕ್ಕಿಂತ ಹೆಚ್ಚು ಅಂದ್ರೆ ಫೋನ್ ಇಡಿ. ಯಾರಿಗಾದ್ರೂ ಗುಂಡು ತಗುಲಿದ್ರೆ ಏನು ಮಾಡ್ತೀರಿ? ರಕ್ತ ನಿಲ್ಲಿಸೋ ಪಟ್ಟಿ ಯಾರ ಹತ್ತಿರ ಇರುತ್ತೆ, ಆಂಬುಲೆನ್ಸಿಗೆ ಯಾರು ಫೋನ್ ಮಾಡ್ತಾರೆ ಅಂತ ತಡವರಿಸದೆ ಹೇಳಬೇಕು. ನೀವು ಕಳೆದ ವರ್ಷ ಯಾರ ಹತ್ತಿರ ಕಲಿತಿರಿ ಅಂತ ಕೇಳಿ. "ನಾನು ಸೈನ್ಯದಲ್ಲಿದ್ದೆ" ಅನ್ನೋದು ಉತ್ತರ ಅಲ್ಲ. ಸೈನಿಕನ ಕೆಲಸ ಬೇರೆ, ಸಾಫ್ಟ್‌ವೇರ್ ಇಂಜಿನಿಯರ್ ದಿನಸಿ ತರೋಕೆ ಹೋಗೋದು ಬೇರೆ. ಕಲಿಯೋದು ನಿಲ್ಲಿಸಿದ ವಿದ್ವಾಂಸರ ಹತ್ತಿರ ನಿಮ್ಮ ಮಗಳನ್ನ ಸಂಗೀತಕ್ಕೆ ಕಳಿಸ್ತೀರಾ?

ಕ್ಲಾಸಿನಲ್ಲೇ ಗನ್ ಮಾರೋರಿದ್ರೆ ಹುಷಾರು. ಹೆಂಗಸರು ಬಂದ ಕೂಡಲೇ ಅಂಗೈಯಗಲದ ಪುಟ್ಟ ರಿವಾಲ್ವರ್ ಕೈಗಿಟ್ಟು "ನಿಮಗೆ ಇದೇ ಸರಿ ಮ್ಯಾಡಮ್" ಅನ್ನೋರಿದ್ರೆ ಇನ್ನೂ ಹುಷಾರು. ನನ್ನ ಹೆಂಡತಿಗೆ ಹೀಗೇ ಮಾಡಿದ್ರು. ಹಗುರ ಗನ್ ಒದೆಯೋದು ಜೋರು, ಗುರಿ ಕಾಣೋದು ಕಷ್ಟ. ಐದು ಗುಂಡಿಗೇ ಅವಳ ಅಂಗೈ ಕೆಂಪಾಗಿ, ಮತ್ತೆ ಮುಟ್ಟಲ್ಲ ಅಂದಳು. ಕಲಿಸೋಕೆ ಬರೋರು ಮೊದಲು ಪಾಯಿಂಟ್ 22 ಕೊಡ್ತಾರೆ, ನಾಲ್ಕಾರು ಬಗೆಯದನ್ನ ಹಿಡಿದು ನೋಡೋಕೆ ಬಿಡ್ತಾರೆ, "ಇವತ್ತೇ ಕೊಳ್ಳಬೇಡಿ" ಅಂತಾರೆ.

ಕೊನೆಯದಾಗಿ ಇದೊಂದು ಕೇಳಿ: ನೀವು ಈವರೆಗೆ ಯಾರನ್ನಾದ್ರೂ ಅರ್ಧಕ್ಕೆ ವಾಪಸ್ ಕಳಿಸಿದ್ದೀರಾ? "ಇಲ್ಲಪ್ಪ, ನಮ್ಮಲ್ಲಿ ಎಲ್ಲರೂ ಪಾಸ್" ಅಂದ್ರೆ ನಮಸ್ಕಾರ ಹೇಳಿ ಬೇರೆ ಕಡೆ ಹೋಗಿ.

ಕೊಡಗಿನ ಗೆಳೆಯನೊಬ್ಬ ಈ ಮಾತಿಗೆಲ್ಲ ನಗ್ತಾನೆ ಅಂದ್ಕೊಂಡಿದ್ದೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡೋ ಮನೆಯವನು, ಅಜ್ಜನ ಕೋವಿ ನೋಡ್ತಾ ಬೆಳೆದವನು. ಅವನೇ ಹೇಳಿದ: "ನಮ್ಮನೇಲಿ ಕೋವಿ ಮುಟ್ಟೋಕೆ ಮೊದಲು ಅದನ್ನ ಒರೆಸೋದು ಕಲಿಸಿದ್ರು. ಹಾರಿಸೋಕೆ ಬಿಟ್ಟಿದ್ದು ಎಷ್ಟೋ ವರ್ಷದ ಮೇಲೆ. ಅದೂ ತೋಟಕ್ಕೆ. ಸೊಂಟದಲ್ಲಿಟ್ಟುಕೊಂಡು ಸಂತೆಗೆ ಹೋಗೋದು ನನಗೂ ಗೊತ್ತಿಲ್ಲ, ನಾನೂ ಕ್ಲಾಸಿಗೆ ಬರ್ತೀನಿ."

ಇಬ್ಬರೂ ಸೇರಿ ಹುಡುಕಿದ ಎರಡನೇ ಮೇಷ್ಟ್ರು ನಿವೃತ್ತರಾಗೋ ವಯಸ್ಸಿನ ಒಬ್ಬ ಹೆಂಗಸು. ಎರಡು ದಿನದ ಕ್ಲಾಸು, ಮೊದಲನೆಯದರ ಐದು ಪಟ್ಟು ಫೀಸು, ಆರೇ ಜನ, ಜೊತೆಗೊಬ್ಬ ಸಹಾಯಕ. ಲೈಸೆನ್ಸ್ ಆಗಲೇ ಜೇಬಲ್ಲಿಟ್ಟುಕೊಂಡಿದ್ದ ನಾನು ಗತ್ತಿನಲ್ಲೇ ಹೋದೆ. ಮೊದಲ ದಿನ ಮಧ್ಯಾಹ್ನ ಹೋಲ್‌ಸ್ಟರ್‌ಗೆ ಗನ್ ವಾಪಸ್ ಇಡೋವಾಗ ನನ್ನ ಬೆರಳು ಟ್ರಿಗರ್ ಮೇಲಿತ್ತು. ಆಕೆ ಒಮ್ಮೆ ಹೇಳಿದ್ರು. ಅರ್ಧ ಗಂಟೆಯಲ್ಲಿ ಅದೇ ತಪ್ಪು ಮತ್ತೆ. ಆಕೆ ದನಿ ಏರಿಸಲಿಲ್ಲ. ನನ್ನ ಗನ್ ಖಾಲಿ ಮಾಡಿಸಿ, ಪೆಟ್ಟಿಗೆಯಲ್ಲಿ ಇಡಿಸಿ, "ಇವತ್ತಿಗೆ ನಿಮ್ಮದು ಸಾಕು. ಮನೆಯಲ್ಲಿ ಖಾಲಿ ಗನ್ನಿನಲ್ಲಿ ದಿನಾ ಹತ್ತು ನಿಮಿಷ ಅಭ್ಯಾಸ ಮಾಡಿ, ಮುಂದಿನ ತಿಂಗಳು ಬನ್ನಿ, ಫೀಸು ಬೇಡ" ಅಂದ್ರು. ಉಳಿದ ಐದು ಜನರ ಎದುರಿಗೆ! ಎಂಟು ವರ್ಷದ ಹುಡುಗನ ಹಾಗೆ ಮುಖ ಸಣ್ಣ ಮಾಡಿಕೊಂಡು ಪಾರ್ಕಿಂಗ್ ಲಾಟಿಗೆ ನಡೆದೆ. ಗಂಟೆಗಟ್ಟಲೆ ಸಿಟ್ಟಿತ್ತು. ರಾತ್ರಿ ಮಗ ಪಕ್ಕದಲ್ಲಿ ಬಂದು ಮಲಗಿದಾಗ, ನಾನು ಒಂದೂವರೆ ವರ್ಷ ಅದೇ ಬೆರಳು ಇಟ್ಟುಕೊಂಡು ಅವನನ್ನ ಶಾಪಿಂಗ್‌ಗೆ ಕರ್ಕೊಂಡು ಓಡಾಡಿದ್ದು ನೆನಪಾಯ್ತು. ಸಿಟ್ಟು ಇಳೀತು.

ಮುಂದಿನ ತಿಂಗಳು ಹೋದೆ, ಪಾಸಾದೆ. ಈಗಲೂ ವರ್ಷಕ್ಕೆರಡು ಸಲ ಹೋಗ್ತೀನಿ.

ಮೊನ್ನೆ ಗ್ರೂಪಿನಲ್ಲಿ ಮತ್ತೆ ಅದೇ ಪ್ರಶ್ನೆ ಬಂತು, ಎಲ್ಲಿ ಬೇಗ ಮುಗಿಯುತ್ತೆ ಅಂತ. ನಾನು ಆಕೆಯ ನಂಬರ್ ಹಾಕಿ ಕೆಳಗೆ ಬರೆದೆ: "ಇಲ್ಲಿ ಬೇಗ ಮುಗಿಯಲ್ಲ. ನನ್ನನ್ನೇ ಒಂದು ಸಲ ವಾಪಸ್ ಕಳಿಸಿದ್ದಾರೆ." ಹೆಬ್ಬೆರಳು ಒಂದೂ ಬರಲಿಲ್ಲ. ಆದರೆ ಅವತ್ತು ರಾತ್ರಿ ಇಬ್ಬರು ಪ್ರತ್ಯೇಕವಾಗಿ ಮೆಸೇಜ್ ಮಾಡಿ, ಯಾಕೆ ಕಳಿಸಿದ್ರು ಅಂತ ಕೇಳಿದ್ರು. ಹೇಳಿದೆ. ಒಬ್ಬರು ಸೇರಿದ್ದಾರೆ.